ವಾಹಿದ್ ಭಾಯಿಯ ಹತ್ತು ಗಂಟೆಯ ಕಾರ್ನ್

ವಾಹಿದ್ ಭಾಯಿ ಕೆಟ್ಟದ್ದು ಒಂದೇ ಒಂದು 'ಹೂಂ'ನಿಂದ. ಅದೂ ಫೋನಿನಲ್ಲಿ ಅಂದ ಹೂಂ. ಎದುರಿಗೆ ಅಂದಿದ್ದರೆ ಅವರ ಮುಖ ನೋಡಿಯಾದರೂ ಜನಕ್ಕೆ ಅನುಮಾನ ಬರುತ್ತಿತ್ತು. ಆ ಹೂಂಗೆ ನಾನು ಪ್ರತ್ಯಕ್ಷ ಸಾಕ್ಷಿ. ಆದ್ದರಿಂದ ಡೆಟ್ರಾಯಿಟ್ ಸುತ್ತಮುತ್ತ ಈ ಬಗ್ಗೆ ಹಬ್ಬಿರುವ ಬೇರೆ ಕಥೆಗಳನ್ನು ದಯವಿಟ್ಟು ನಂಬಬೇಡಿ.

ನಾನು ಹಯವದನ, ಮೈಸೂರಿನವನು. ಸೌತ್‌ಫೀಲ್ಡಿನ ಒಂದು ಗಾಜಿನ ಕಟ್ಟಡದ ಹನ್ನೊಂದನೇ ಮಹಡಿಯಲ್ಲಿ ನನ್ನ ಕೆಲಸ. ಆ ಕಟ್ಟಡದ ಎದುರಿಗೇ ವಾಹಿದ್ ಭಾಯಿಯ ಡ್ರೈಕ್ಲೀನಿಂಗ್ ಅಂಗಡಿ. ಅವರು ರಾಣೆಬೆನ್ನೂರಿನವರು. ನನ್ನ ಪ್ಯಾಂಟುಗಳ ಸೊಂಟವನ್ನು ವರ್ಷಕ್ಕೊಂದು ಸಲ ಅಗಲ ಮಾಡಿಕೊಟ್ಟು, ಆ ಗುಟ್ಟನ್ನು ನನ್ನ ಹೆಂಡತಿಗೂ ಬಿಟ್ಟುಕೊಡದ ಸಜ್ಜನರು. 2006ರ ಫೆಬ್ರವರಿಯ ಒಂದು ಮಧ್ಯಾಹ್ನ ನಾನು ಅಲ್ಲಿ ಪ್ಯಾಂಟಿಗೆ ಕಾಯುತ್ತ ನಿಂತಿದ್ದಾಗ ಶಾಮ್‌ಬರ್ಗ್‌ನಿಂದ ಫೋನು ಬಂತು.

ಶಾಮ್‌ಬರ್ಗ್ ಅಂದರೆ ಹುಡುಗನ ಕಡೆಯವರು. ವಾಹಿದ್ ಭಾಯಿಯ ಮಗಳು ರುಕ್ಸಾರ್ ಫಾರ್ಮಸಿ ಓದುತ್ತಿದ್ದಳು, ಇನ್ನೊಂದು ವರ್ಷ ಬಾಕಿ. ಆನ್ ಆರ್ಬರಿನ ಡಾಕ್ಟರೊಬ್ಬರ ಹೆಂಡತಿ ಮಧ್ಯೆ ನಿಂತು ಹುಡುಗಿಯ ವಿವರವನ್ನೂ ಮನೆಯವರ ಫೋಟೋವನ್ನೂ ಶಿಕಾಗೋ ಕಡೆ ಕಳಿಸಿದ್ದರು. ಆ ಫೋಟೋದ ಬಗ್ಗೆ ಒಂದು ಮಾತು ಹೇಳಲೇಬೇಕು. ಅದನ್ನು ತೆಗೆದದ್ದು ಹಿಮ ಬಿದ್ದ ಮರುದಿನ, ಮನೆಯ ಮುಂದೆ. ಚಳಿ ಇತ್ತು ಅಂತ ವಾಹಿದ್ ಭಾಯಿ ಅಂಗಡಿಯಿಂದ ಎಲ್ಲರಿಗೂ ಜಾಕೆಟ್ ತಂದುಕೊಟ್ಟಿದ್ದರು. ಗಿರಾಕಿಗಳು ಒಗೆಯಲು ಕೊಟ್ಟು, ಆರು ತಿಂಗಳಾದರೂ ತಿರುಗಿ ಬಾರದ ಜಾಕೆಟ್ಟುಗಳು. ಎಲ್ಲ ಸ್ಕೀ ಮಾಡುವವರವು. ಒಂದೊಂದರ ಜಿಪ್ಪಿನಲ್ಲೂ ಬಣ್ಣಬಣ್ಣದ ಚೀಟಿಗಳ ಗೊಂಚಲು. ಬೇರೆ ಲಾಂಡ್ರಿಯವರ ಗುರುತಿನ ಚೀಟಿ ಇರಬೇಕೆಂದು ವಾಹಿದ್ ಭಾಯಿ ಅವನ್ನು ಗೌರವದಿಂದ ಹಾಗೇ ಬಿಟ್ಟಿದ್ದರು.

ಅವರ ಎರಡೂ ಕೈಯಲ್ಲಿ ಯಾರದೋ ಸೂಟು ಇದ್ದುದರಿಂದ ಫೋನನ್ನು ಸ್ಪೀಕರಿಗೆ ಹಾಕಿದರು. ಮಾತು ಉರ್ದುವಿನಲ್ಲಿ ಶುರುವಾಯಿತು. ಶಾಮ್‌ಬರ್ಗ್ ಸಾಹೇಬರು ತುಮಕೂರಿನವರು. ರಾಣೆಬೆನ್ನೂರಿನ ಉರ್ದುವೂ ತುಮಕೂರಿನ ಉರ್ದುವೂ ಎರಡು ನಿಮಿಷ ಒಂದನ್ನೊಂದು ಪರೀಕ್ಷೆ ಮಾಡಿ, ಕೊನೆಗೆ ಮರ್ಯಾದೆಯಿಂದ ಕನ್ನಡಕ್ಕೆ ಬಂದವು.

"ವಾಹಿದ್ ಸಾಬ್, ಫೋಟೋ ನೋಡಿದೆ. ನೀವೆಲ್ಲ ಸ್ಕೀ ಮಾಡ್ತೀರಾ?"

ವಾಹಿದ್ ಭಾಯಿ ನನ್ನ ಮುಖ ನೋಡಿದರು. ಇದಕ್ಕೆ ಮುಂಚೆ ಎರಡು ಸಂಬಂಧಗಳು "ಓ, ಲಾಂಡ್ರಿನಾ?" ಎಂಬ ಒಂದೇ ಪ್ರಶ್ನೆಯಲ್ಲಿ ಮುಗಿದುಹೋಗಿದ್ದವು. ಈ ಸಾಹೇಬರು ಲಾಂಡ್ರಿಯ ಸುದ್ದಿ ಎತ್ತದೆ ಬೇರೆ ಏನೋ ಕೇಳಿದರು ಎಂಬ ಸಂತೋಷದಲ್ಲಿ ಅವರು "ಹೂಂ" ಅಂದುಬಿಟ್ಟರು.

"ಮಾಶಾ ಅಲ್ಲಾ! ಅದಕ್ಕೇ ಜಿಪ್ಪಲ್ಲಿ ಸ್ಕೀ ಬೆಟ್ಟ ಹತ್ತಿಸೋ ಲಿಫ್ಟ್ ಟಿಕೆಟ್ ಅಷ್ಟೊಂದು ನೇತಾಡ್ತಿದೆ. ಎಲ್ಲ ನಿಮ್ಮವೇನಾ?"

"ಎಲ್ಲಾ ನಮ್ಮವ ರೀ. ಇನ್ನೂ ಅಂಗಡ್ಯಾಗ ಅದಾವು."

"ನಾನು ಇಪ್ಪತ್ತೆರಡು ವರ್ಷದಿಂದ ಸ್ಕೀ ಮಾಡ್ತಿದೀನಿ. ಸೋಫಾ ಮೇಲೆ ಕೂತು ಸಮೋಸಾ ತಿಂದು ಹುಡುಗಿ ನೋಡೋದು ನನ್ನ ಕೈಲಾಗಲ್ಲ. ಮಾರ್ಚ್ ಕೊನೇ ಶನಿವಾರ ಸಿಲ್ವರ್ ಬರ್ಚ್ ಮೌಂಟನ್‌ಗೆ ಬನ್ನಿ, ಅಲ್ಲೇ ಭೇಟಿ. ಸ್ಪ್ರಿಂಗ್ ಸ್ಕೀಯಿಂಗ್! ಆದ್ರೆ ವಸಂತದಲ್ಲಿ ಒಳ್ಳೇ ಸ್ನೋ ಹುಡುಕೋದೇ ಕಷ್ಟ. ಮಿಷಿಗನ್ ನಿಮ್ಮದು. ಹುಡುಕೋ ಜವಾಬ್ದಾರಿ ನಿಮಗೆ ಬಿಟ್ಟಿದ್ದು, ನಾವು ನಿಮ್ಮ ಹಿಂದೆ."

"ಹೂಂ" ಅಂದರು ವಾಹಿದ್ ಭಾಯಿ. ಇದನ್ನು ಎರಡನೆಯ ಹೂಂ ಎಂದು ಎಣಿಸಬಾರದು. ಇದು ಮೊದಲನೆಯದರ ಬಾಲ.

ಸಂಜೆ ಮನೆಯಲ್ಲಿ ಸುದ್ದಿ ಹೇಳಲು ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಷಹನಾಜ್ ಆಂಟಿ ಸೌಟು ಹಿಡಿದುಕೊಂಡೇ ಹೊರಗೆ ಬಂದರು.

"ಹದಿನೇಳು ವರ್ಷ ಆತು ಈ ದೇಶಕ್ಕ ಬಂದು. ಡ್ರೈವ್‌ವೇ ಮ್ಯಾಲಿನ ಸ್ನೋ ತಗ್ಯಾಕ ಹೋಗಿ ಮೂರು ಸಲ ಬಿದ್ದಾರ. ಇವರು ಸ್ಕೀ ಮಾಡ್ತಾರಂತ! ಕೇಳ್ರಿ ರಾಯರ, ಕೇಳ್ರಿ!"

ರುಕ್ಸಾರ್ ಪುಸ್ತಕದಿಂದ ತಲೆ ಎತ್ತಿ ಅಪ್ಪನನ್ನು ನೋಡಿದಳು. "ಅಬ್ಬಾ, ದಟ್ಸ್ ಎ ಲೈ. ಕಾಲ್ ಹಿಮ್ ಬ್ಯಾಕ್."

"ಫೋನ್‌ನಾಗ ಹೇಳಿದ್ರ ಛಲೋ ಕಾಣಂಗಿಲ್ಲ ಬೇಟಾ. ಮುಖಾಮುಖಿ ಹೇಳ್ತೀನಿ."

"ಅರ್ಸಲಾನ್ ನನಗೆ ಮೊದಲನೇ ಇಮೇಲ್‌ನಲ್ಲೇ ಏನು ಬರೆದಿದ್ದಾನೆ ಗೊತ್ತಾ? ಅನ್ನ ಮಾಡಿದ್ರೆ ಗಂಜಿ ಆಗುತ್ತೆ, ಡ್ರೈವಿಂಗ್ ಟೆಸ್ಟ್ ಎರಡು ಸಲ ಫೇಲ್ ಆಗಿದೀನಿ ಅಂತ. ಹೀ ಈಸ್ ಆನೆಸ್ಟ್. ಐ ಲೈಕ್ ದಟ್. ಅಂಥವನ ಮುಂದೆ ನಾನು ಸುಳ್ಳು ಜಾಕೆಟ್ ಹಾಕ್ಕೊಂಡು ನಿಲ್ಲಲ್ಲ. ನೀವು ಹೇಳದಿದ್ರೆ ಐ ವಿಲ್."

ಮಗಳಿಗೆ ಹುಡುಗ ಇಷ್ಟವಾಗಿದ್ದಾನೆ ಎಂದು ಆ ಮನೆಯವರಿಗೆ ತಿಳಿದದ್ದು ಆಗಲೇ. ಷಹನಾಜ್ ಆಂಟಿ ಸೌಟು ಕೆಳಗಿಟ್ಟರು. ವಾಹಿದ್ ಭಾಯಿಯ ಹಣೆಯಲ್ಲಿ ಬೆವರು ಬಂತು. ಈಗ ಕೆಡುವುದಕ್ಕೆ ಒಂದು ಸಂಬಂಧವೇ ಇತ್ತು.

ಎರಡು ದಿನದೊಳಗೆ ಸುದ್ದಿ ರಾಣೆಬೆನ್ನೂರು ಮುಟ್ಟಿತು. ಅವರ ಅಣ್ಣ ಅಲ್ಲಿಂದ ಫೋನ್ ಮಾಡಿ, "ನೀ ಬರ್ಫದ ಮ್ಯಾಲೆ ಹಲಗಿ ಕಟ್ಕೊಂಡು ಓಡ್ತೀಯಂತಲ್ಲೋ! ಇಲ್ಲಿ ಸೈಕಲ್ ಮ್ಯಾಲೆ ಕುಂತ್ರ ಅಳ್ತಿದ್ದಿ!" ಎಂದು ಇಡೀ ಓಣಿಗೆ ಕೇಳಿಸುವ ಹಾಗೆ ಅಭಿನಂದಿಸಿದರು. ಪಕ್ಕದ ಮನೆಯ ಮುದುಕ ಅಮೆರಿಕನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತನ್ನ ಹಳೆಯ ಸ್ಕೀ ಜೊತೆಯೊಂದನ್ನು ತಂದು ಬಾಗಿಲಿಗೆ ಒರಗಿಸಿ ಹೋದ. ಷಹನಾಜ್ ಆಂಟಿ ಅದರ ಮೇಲೆ ಟವೆಲ್ ಒಣಗಿಸಿದರು.

ಇನ್ನು ಕಾರ್ನ್ ವಿಷಯ.

ಹೊರಡುವ ಶುಕ್ರವಾರ ಮಧ್ಯಾಹ್ನ ವಾಹಿದ್ ಭಾಯಿ ಅಂಗಡಿಯಿಂದಲೇ ಸಿಲ್ವರ್ ಬರ್ಚ್‌ನವರ, ಹಿಮದ ಸುದ್ದಿ ಹೇಳುವ ಸ್ನೋ ಲೈನಿಗೆ ಫೋನ್ ಮಾಡಿದರು. ಅದು ಮೊದಲೇ ಮುದ್ರಿಸಿಟ್ಟ ಧ್ವನಿ. ತಿರುಗಿ ಪ್ರಶ್ನೆ ಕೇಳುವ ಹಾಗಿಲ್ಲ. ಯಾವಳೋ ಹುಡುಗಿ ಸಂಭ್ರಮದಿಂದ ಹೇಳುತ್ತಿದ್ದಳು: ಬೆಳಿಗ್ಗೆ ಹತ್ತಕ್ಕೆ ಬೆಟ್ಟದ ಪೂರ್ವದ ಕಡೆ ಕಾರ್ನ್ ರೆಡಿ. ಹನ್ನೆರಡಕ್ಕೆ ದಕ್ಷಿಣದ ಕಡೆ. ಎರಡರಿಂದ ನಾಲ್ಕು ಪಶ್ಚಿಮದ ಕಡೆ. ಉತ್ತರದ ಕಡೆ ಎಲ್ಲ ಫ್ರೋಜನ್. ಕಾರ್ನ್ ಹದವಾಗಿರುವಾಗಲೇ ಬನ್ನಿ!

ವಾಹಿದ್ ಭಾಯಿ ಅದನ್ನು ಬಟ್ಟೆಯ ರಸೀತಿಯ ಬೆನ್ನಿಗೆ ಬರೆದುಕೊಂಡರು. ತಪ್ಪಾಗಬಾರದೆಂದು ಇನ್ನೊಂದು ಸಲ ಫೋನ್ ಮಾಡಿ ತಾಳೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಬೆಳಕು.

"ರಾಯರ, ಊಟದ ಚಿಂತಿ ಹೋತು ನೋಡ್ರಿ! ಬೀಗರಿಗೆ ಅಲ್ಲಿ ಹಲಾಲ್ ಏನ್ ಸಿಗತೈತಿ ಅಂತ ನಾ ವಾರದಿಂದ ತಲಿ ಕೆಡಿಸ್ಕೊಂಡಿದ್ದೆ. ಗೋವಿನಜೋಳ ಕೊಡ್ತಾರಂತ. ಮೂರು ದಿಕ್ಕಿನ್ಯಾಗ, ಹೊತ್ತೊತ್ತಿಗೆ!"

"ಮುಸುಕಿನ ಜೋಳನಾ? ಬೇಯ್ಸಿದ್ದೋ ಸುಟ್ಟಿದ್ದೋ?"

"ಅದನ್ನ ಹೇಳ್ಲಿಲ್ಲ. ಉತ್ತರದಾಗ ಫ್ರೋಜನ್ ಅಂತ. ಅದ್ಯಾರಿಗೆ ಬೇಕ್ರಿ, ನಮ್ಮ ಫ್ರಿಜ್‌ನಾಗ ಎರಡು ಚೀಲ ಐತಿ."

ಓದುಗರಿಗೆ ಇಲ್ಲೇ ನಿಜ ಹೇಳಿಬಿಡುತ್ತೇನೆ. ನನಗೆ ಗೊತ್ತಾದದ್ದು ಮರುದಿನ. ವಸಂತದಲ್ಲಿ ಹಗಲು ಬಿಸಿಲಿಗೆ ಕರಗಿ ರಾತ್ರಿ ಚಳಿಗೆ ಗಟ್ಟಿಯಾಗುವ ಹಿಮ, ನಾಲ್ಕಾರು ದಿನದಲ್ಲಿ ಕಾಳುಕಾಳಾಗುತ್ತದೆ. ಬೆಳಗಿನ ಬಿಸಿಲು ಅದರ ಮೇಲ್ಪದರವನ್ನು ಒಂದಂಗುಲ ಮೆತ್ತಗೆ ಮಾಡಿದಾಗ ಸ್ಕೀ ಮಾಡುವವರಿಗೆ ಅದಕ್ಕಿಂತ ಸುಖ ಇನ್ನೊಂದಿಲ್ಲವಂತೆ. ಅದಕ್ಕೇ ಅವರು ಕಾರ್ನ್ ಅನ್ನುತ್ತಾರೆ. ಬಿಸಿಲು ಬೆಟ್ಟದ ಸುತ್ತ ಹೋದ ಹಾಗೆ ಕಾರ್ನ್ ಕೂಡ ಪೂರ್ವದಿಂದ ಪಶ್ಚಿಮಕ್ಕೆ ಹೋಗುತ್ತದೆ. ಮುಂಚೆ ಹೋದರೆ ಗಾಜು, ತಡವಾಗಿ ಹೋದರೆ ಅಂಬಲಿ. ಹೀಗೆ ಆ ರಸೀತಿಯ ಬೆನ್ನಿನಲ್ಲಿ ಮಿಷಿಗನ್ನಿನ ಅತ್ಯುತ್ತಮ ಹಿಮದ ವೇಳಾಪಟ್ಟಿ ಇತ್ತು. ಅದನ್ನು ಇಟ್ಟುಕೊಂಡವರು ಮಾತ್ರ ಅದು ಊಟದ ವೇಳಾಪಟ್ಟಿ ಎಂದು ತಿಳಿದಿದ್ದರು.

ಷಹನಾಜ್ ಆಂಟಿ ಹನ್ನೆರಡು ನಿಂಬೆಹಣ್ಣು, ಒಂದು ಡಬ್ಬಿ ಬ್ಯಾಡಗಿ ಖಾರದ ಪುಡಿ, ಉಪ್ಪು, ಕೊತ್ತಂಬರಿ ಚಟ್ನಿ ಕಟ್ಟಿಕೊಂಡರು. ಸಂಜೆ ನನ್ನ ಮಿನಿವ್ಯಾನಿನಲ್ಲಿ ಹೊರಟೆವು. "ನೀವು ಹೋಗಿ ಏನ್ ಮಾಡ್ತೀರಾ ಅಲ್ಲಿ?" ಎಂದು ನನ್ನ ಹೆಂಡತಿ ಅನುರಾಧಾ ಕೇಳಿದಳು. "ಸಾಕ್ಷಿ" ಅಂದೆ.

ಶನಿವಾರ ಬೆಳಿಗ್ಗೆ ಎಂಟೂವರೆಗೆ, ಮೋಟೆಲಿನಿಂದ ನೇರವಾಗಿ ಸಿಲ್ವರ್ ಬರ್ಚ್ ತಲುಪಿದೆವು. ಮೌಂಟನ್ ಅನ್ನುವುದು ಅಲ್ಲಿಯವರ ಪ್ರೀತಿಯ ಮಾತು. ನಮ್ಮ ಚಾಮುಂಡಿ ಬೆಟ್ಟದ ಅರ್ಧ ಇದ್ದರೆ ಹೆಚ್ಚು. ಫ್ಯಾರನ್‌ಹೀಟಿನಲ್ಲಿ ಇಪ್ಪತ್ತಾರು ಡಿಗ್ರಿ, ಅಂದರೆ ನೀರು ಗಟ್ಟಿಯಾಗುವ ಚಳಿ, ಮೋಡವಿಲ್ಲದ ಆಕಾಶ. ನಾವೆಲ್ಲರೂ ಅಂಗಡಿಯ ಬಟ್ಟೆಯಲ್ಲಿ ಇದ್ದೆವು. ನನ್ನ ಎದೆಯ ಮೇಲೆ 47 ಎಂದು ಬರೆದಿತ್ತು. ಷಹನಾಜ್ ಆಂಟಿ ಸಲ್ವಾರಿನ ಮೇಲೆ ನೇರಳೆ ಜಾಕೆಟ್ ಹಾಕಿ ತಲೆಗೆ ದುಪಟ್ಟಾ ಸುತ್ತಿದ್ದರು. ವಾಹಿದ್ ಭಾಯಿಯದು ಕೆಂಪು ಜಾಕೆಟ್, ಯಾವುದೋ ಹೈಸ್ಕೂಲ್ ತಂಡದ್ದು. ಬೆನ್ನಿನ ಉದ್ದಕ್ಕೂ ಬಿಳಿ ಅಕ್ಷರದಲ್ಲಿ 'ಕೋಚ್' ಎಂದಿತ್ತು. ಅದು ಅವರ ಬೆನ್ನಿಗೆ ಇದ್ದುದರಿಂದ ಅವರಿಗೆ ಕಂಡಿರಲಿಲ್ಲ. ನಮಗೆ ಕಂಡಿತ್ತು, ಆದರೆ ಆ ಹೊತ್ತಿನಲ್ಲಿ ಯಾರಿಗೂ ಓದುವ ಮನಸ್ಸಿರಲಿಲ್ಲ.

ಶಾಮ್‌ಬರ್ಗ್ ಸಾಹೇಬರು ಎತ್ತರದ, ತೆಳ್ಳಗಿನ ಮನುಷ್ಯ. ಸ್ಕೀಗಳನ್ನು ನೇಗಿಲಿನ ಹಾಗೆ ಹೆಗಲ ಮೇಲೆ ಹೊತ್ತು ಬಂದರು. ಹಿಂದೆ ಅವರ ಬೇಗಂ, ಅವರ ಹಿಂದೆ ಅರ್ಸಲಾನ್. ಅರ್ಸಲಾನ್ ರುಕ್ಸಾರಳನ್ನು ನೋಡಿ ಕೈ ಎತ್ತಲೋ ಸಲಾಂ ಹೇಳಲೋ ತಿಳಿಯದೆ ತನ್ನ ಸ್ಕೀ ಕೋಲನ್ನು ಕೆಳಗೆ ಬೀಳಿಸಿದ.

ಸಲಾಂ ಆದ ಮೇಲೆ ವಾಹಿದ್ ಭಾಯಿ ಧೈರ್ಯ ಮಾಡಿದರು. "ಸಾಹೇಬರ, ಮೊದಲ ಒಂದ್ ಮಾತು ಹೇಳಬೇಕಿತ್ತು..." ಎಂದು ಶುರುಮಾಡಿ, ಆ ಮಾತಿಗೆ ಸ್ವಲ್ಪ ಏಕಾಂತ ಇರಲಿ ಎಂದು ಪಕ್ಕಕ್ಕೆ ತಿರುಗಿದರು.

ಸಾಹೇಬರಿಗೆ ಬೆನ್ನು ಕಂಡಿತು. "ಕೋಚ್! ನೀವು ಕೋಚ್ ಅಂತ ಒಂದು ಮಾತು ಹೇಳಲಿಲ್ವಲ್ಲ!"

"ಎಲ್ಲಿ ರೀ ಕೋಚ್?" ವಾಹಿದ್ ಭಾಯಿ ಬಸ್ಸು ಬಂತೆಂದು ತಿಳಿದು ಹಿಂದೆ ನೋಡಿದರು. ಅವರು ತಿರುಗಿದರೆ ಬೆನ್ನೂ ತಿರುಗಿತು.

"ನೋಡು, ನೋಡು," ಸಾಹೇಬರು ಬೇಗಂಗೆ ಹೇಳಿದರು, "ಎಂಥಾ ವಿನಯ! ಬರೀ ಸ್ಕೀ ಮಾಡ್ತೀವಿ ಅಂದ್ರು, ಅಷ್ಟೇ."

ಗಂಡ ಸ್ಕೀ ಕಟ್ಟಿಕೊಂಡು ಬೀಗರ ಕಣ್ಣೆದುರು ಸಾಯುವುದು ಬೇಡವೆಂದು ಷಹನಾಜ್ ಆಂಟಿ ಮಧ್ಯೆ ಬಂದರು. "ಇವರಿಗೆ ಮಂಡಿ ನೋವು. ಇವತ್ತು ನಡದಾಡ್ತಾರಷ್ಟ."

"ಒಳ್ಳೇ ಕೋಚ್‌ಗಳಿಗೆಲ್ಲ ಮಂಡಿ ಹೋಗಿರುತ್ತೆ" ಎಂದು ಸಾಹೇಬರು ಇನ್ನಷ್ಟು ಗೌರವದಿಂದ ತಲೆಯಾಡಿಸಿದರು. ರುಕ್ಸಾರ್ ಒಂದು ಸಲ ಅಪ್ಪನನ್ನು ನೋಡಿದಳು. ಆಮೇಲೆ ಅರ್ಸಲಾನ್ ಕಡೆ ತಿರುಗಿ, "ಕ್ಯಾನ್ ವಿ ಟಾಕ್?" ಎಂದು ಅವನ ಜೊತೆ ಕಲಿಯುವವರ ಇಳಿಜಾರಿನ ಕಡೆ ಹೊರಟುಹೋದಳು.

ಸಾಹೇಬರು ಕಣ್ಣಿಗೆ ಗಾಗಲ್ಸ್ ಎಳೆದು, ಎದುರಿಗಿದ್ದ ಉತ್ತರದ ಇಳಿಜಾರಿಗೆ ನುಗ್ಗಲು ಸಿದ್ಧರಾದರು. ವಾಹಿದ್ ಭಾಯಿ ಕಿಸೆಯಿಂದ ರಸೀತಿ ತೆಗೆದರು.

"ಅಲ್ಲಿ ಬ್ಯಾಡ್ರಿ ಸಾಹೇಬರ. ಅಲ್ಲೆಲ್ಲಾ ಫ್ರೋಜನ್. ಹತ್ತು ಗಂಟೇಕ ಪೂರ್ವದ ಕಡೆ ಕಾರ್ನ್ ಬರತೈತಿ. ಅಲ್ಲೀತನ ಕೂಡ್ರಿ, ಚಾ ಕುಡೀರಿ."

ಸಾಹೇಬರು ಗಾಗಲ್ಸ್ ಮೇಲಕ್ಕೆತ್ತಿ ಅವರನ್ನೇ ದಿಟ್ಟಿಸಿದರು. "ಕಾರ್ನ್! ಪೂರ್ವಕ್ಕೆ, ಹತ್ತಕ್ಕೆ. ನಿಮಿಷ ಸಮೇತ ಗೊತ್ತಿದೆ ಇವರಿಗೆ!"

ಒಂದೂವರೆ ಗಂಟೆ ಚಹಾ ಕುಡಿದೆವು. ಉತ್ತರದ ಕಡೆ ಇಳಿಯುತ್ತಿದ್ದವರ ಸದ್ದು ಕಾಯಿ ತುರಿದ ಹಾಗೆ ಕರಕರ ಕೇಳುತ್ತಿತ್ತು. ಬಿದ್ದವರು ಏಳುವ ಮುಂಚೆ ನೂರು ಅಡಿ ಜಾರಿ ಬರುತ್ತಿದ್ದರು. ಹತ್ತಕ್ಕೆ ಸರಿಯಾಗಿ ಪೂರ್ವಕ್ಕೆ ಹೋದೆವು. ಸಾಹೇಬರೂ ಬೇಗಂ ಅವರೂ ಲಿಫ್ಟಿನಲ್ಲಿ ಕೂತು ಮೇಲೆ ಹೋದರು. ವಾಹಿದ್ ಭಾಯಿ ನಿಂಬೆಹಣ್ಣಿನ ಚೀಲ ಹಿಡಿದು ಗಾಡಿಯೋ ಕೌಂಟರೋ ಏನಾದರೂ ಇದೆಯೇ ಎಂದು ಹುಡುಕುತ್ತಿದ್ದಾಗ, ಮೇಲಿನಿಂದ ಒಂದು ಕೂಗು ಬಂತು. ಬಿದ್ದ ಕೂಗಲ್ಲ, ಖುಷಿಯ ಕೂಗು. ಸಾಹೇಬರು ಬೆಣ್ಣೆಯ ಮೇಲೆ ಚಾಕು ಎಳೆದ ಹಾಗೆ ಇಳಿದು ಬಂದು ಅವರ ಮುಂದೆ ನಿಂತರು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು.

"ಕಾರ್ನ್! ಇಪ್ಪತ್ತೆರಡು ವರ್ಷ! ಮೊದಲ ಸಲ!"

"ಸಿಕ್ತೇನ್ರಿ ನಿಮಗ? ಎಲ್ಲೈತ್ರಿ?"

"ಎಲ್ಲಾ ಕಡೆ!" ಎಂದು ಸಾಹೇಬರು ಮತ್ತೆ ಲಿಫ್ಟಿಗೆ ಓಡಿದರು. ಬೀಗರು ಒಬ್ಬರೇ ತಿಂದರು, ತನಗೆ ತರಲಿಲ್ಲ ಎಂದು ವಾಹಿದ್ ಭಾಯಿಗೆ ಸ್ವಲ್ಪ ಬೇಸರವಾಯಿತು.

ಹನ್ನೆರಡು ಹೊಡೆಯಲು ಹತ್ತು ನಿಮಿಷ ಇದ್ದಾಗ ಅವರು ರಸೀತಿ ನೋಡಿ ಕೈ ಬೀಸಿದರು. "ಇಲ್ಲಿ ಮುಗೀತ್ರಿ! ಎಲ್ಲಾರೂ ದಕ್ಷಿಣಕ್ಕ ನಡೀರಿ!" ಹೊಟ್ಟೆ ಹಸಿದಿದ್ದರಿಂದ ಧ್ವನಿ ಖಡಕ್ಕಾಗಿತ್ತು. ಸಾಹೇಬರು ಇನ್ನೊಂದು ಸುತ್ತು ಎಂದು ಗೋಗರೆದರು. "ಇಲ್ಲಂದ್ರ ಇಲ್ರಿ." ನಾವು ಹೊರಟು ಐದು ನಿಮಿಷವಾಗಿರಲಿಲ್ಲ, ಪೂರ್ವದ ಹಿಮ ಅಂಬಲಿಯಾಯಿತು. ಹಿಂದೆ ಉಳಿದವರು ಒಬ್ಬೊಬ್ಬರಾಗಿ ಹೂತುಕೊಂಡು ಮುಗ್ಗರಿಸಿದರು. ಕೆಂಪು ಜಾಕೆಟ್ಟಿನ ಕೋಚ್ ಹೇಳಿದಾಗ ಬಂದವರು ಬಚಾವಾದರು ಎಂಬ ಸುದ್ದಿ ಲಿಫ್ಟಿನಿಂದ ಲಿಫ್ಟಿಗೆ ಹೋಯಿತು. ದಕ್ಷಿಣಕ್ಕೆ ಹೋಗುವಷ್ಟರಲ್ಲಿ ನಮ್ಮ ಹಿಂದೆ ನಲವತ್ತು ಜನ ಅಮೆರಿಕನ್ನರಿದ್ದರು. ಒಬ್ಬ ಗಡ್ಡದವನು ಬಂದು ಕೈ ಕುಲುಕಿ, "ನೆಕ್ಸ್ಟ್ ಎಲ್ಲಿ, ಕೋಚ್?" ಎಂಬರ್ಥದಲ್ಲಿ ಏನೋ ಕೇಳಿದ. ವಾಹಿದ್ ಭಾಯಿ "ಟೂ ಓ ಕ್ಲಾಕ್, ವೆಸ್ಟ್" ಅಂದರು. ಗಡ್ಡದವನು ಅದನ್ನು ಕೈಯ ಮೇಲೆ ಬರೆದುಕೊಂಡ.

ಆದರೆ ಜೋಳ ಎಲ್ಲೂ ಕಾಣಲಿಲ್ಲ. ಕೊನೆಗೆ ಅವರು ಹಸಿವು ತಾಳಲಾರದೆ ಇಳಿಜಾರು ಕಾಯುವ ಸ್ಕೀ ಪಟ್ರೋಲಿನ ಹೆಂಗಸೊಬ್ಬಳನ್ನು ತಡೆದರು.

"ಎಕ್ಸ್‌ಕ್ಯೂಸ್ ಮಿ ಮೇಡಂ, ವೇರ್ ಈಸ್ ದ ಕಾರ್ನ್?"

ಅವಳು ಜೋರಾಗಿ ನಕ್ಕಳು. "ಯು ಆರ್ ಸ್ಟ್ಯಾಂಡಿಂಗ್ ಆನ್ ಇಟ್, ಕೋಚ್!"

ವಾಹಿದ್ ಭಾಯಿ ಗಾಬರಿಯಿಂದ ಬಲಗಾಲು ಎತ್ತಿ ನೋಡಿದರು. ಆಮೇಲೆ ಎಡಗಾಲು. ಅನ್ನ ತುಳಿದೆನೋ ಎಂಬ ಪಾಪಪ್ರಜ್ಞೆ ಮುಖದಲ್ಲಿ ಎದ್ದು ಕಾಣುತ್ತಿತ್ತು. ಅಷ್ಟರಲ್ಲಿ ರುಕ್ಸಾರ್ ಬಂದಳು. ಬಗ್ಗಿ ಒಂದು ಹಿಡಿ ಹಿಮ ತೆಗೆದು ಅಪ್ಪನ ಅಂಗೈಗೆ ಹಾಕಿದಳು. ನೆನೆದ ಸಬ್ಬಕ್ಕಿಯ ಹಾಗೆ ಕಾಳುಕಾಳಾಗಿ ಹೊಳೆಯುತ್ತಿತ್ತು.

"ದಿಸ್ ಈಸ್ ಕಾರ್ನ್, ಅಬ್ಬಾ. ಈ ಥರ ಸ್ನೋಗೆ ಹಾಗಂತಾರೆ. ಅರ್ಸಲಾನ್ ಹೇಳಿದ."

"ಅಂದ್ರ... ತಿನ್ನೂದಲ್ಲ?"

"ಅಲ್ಲ."

ಅವರು ಅಲ್ಲೇ ಹಿಮದ ಮೇಲೆ ಕುಸಿದು ಕೂತರು. ನಿಂಬೆಹಣ್ಣೊಂದು ಚೀಲದಿಂದ ಜಾರಿ ಇಳಿಜಾರಿನಲ್ಲಿ ಉರುಳಿ ಹೋಯಿತು. ಷಹನಾಜ್ ಆಂಟಿ ಅದರ ಹಿಂದೆ ಎರಡು ಹೆಜ್ಜೆ ಹೋಗಿ ಬಿಟ್ಟುಬಿಟ್ಟರು.

"ಅವಂಗ ಹೇಳೀಯೇನು, ನಮಗ ಸ್ಕೀ ಬರಂಗಿಲ್ಲ ಅಂತ?"

"ಫಸ್ಟ್ ಫೈವ್ ಮಿನಿಟ್ಸ್‌ನಲ್ಲೇ."

"ಏನಂದ?"

"ತುಂಬಾ ನಕ್ಕ. ಆಮೇಲೆ, ನಮ್ಮಪ್ಪಂಗೆ ಮಾತ್ರ ನಿಮ್ಮಪ್ಪನೇ ಹೇಳ್ಬೇಕು ಅಂದ."

"ನನ್ನ ಹಿಂದ ಇಷ್ಟ್ ಮಂದಿ ಬಂದಾರಲ್ಲ ಬೇಟಾ. ಏನಂತ ಹೇಳ್ಲಿ?"

"ನಿಜ ಹೇಳಿ, ಅಬ್ಬಾ." ಅವಳು ಅಪ್ಪನ ತೋಳು ಹಿಡಿದು ಎಬ್ಬಿಸಿದಳು.

ಮಧ್ಯಾಹ್ನದ ನಮಾಜನ್ನು ಬೀಗರಿಬ್ಬರೂ ಲಾಡ್ಜಿನ ಹಿಂದೆ, ನನ್ನ ವ್ಯಾನಿನ ಪಕ್ಕದಲ್ಲಿ ಜೊತೆಯಾಗಿ ಮಾಡಿದರು. ಸಾಹೇಬರು ಮುಗಿಸಿ ಎದ್ದ ಮೇಲೂ ವಾಹಿದ್ ಭಾಯಿ ಬಹಳ ಹೊತ್ತು ಕೈ ಎತ್ತಿ ಕೂತಿದ್ದರು.

ಎರಡು ಗಂಟೆಗೆ ಪಶ್ಚಿಮದ ಬುಡದಲ್ಲಿ ಜನ ಜಮಾಯಿಸಿದ್ದರು. ಈಗ ಅರವತ್ತು ಇರಬೇಕು. ಎಲ್ಲರೂ ಕೋಚ್ ಕೈ ಬೀಸುವುದನ್ನೇ ಕಾಯುತ್ತಿದ್ದರು. ವಾಹಿದ್ ಭಾಯಿ ಕೈ ಬೀಸಲಿಲ್ಲ. ಸಾಹೇಬರ ಎದುರು ನಿಂತು ಒಂದೇ ಉಸಿರಿಗೆ ಹೇಳಿಬಿಟ್ಟರು.

"ಸಾಹೇಬರ, ನಾ ಸುಳ್ಳು ಹೇಳೀನ್ರಿ. ನನಗ ಸ್ಕೀ ಬರಂಗಿಲ್ಲ."

ಸಾಹೇಬರಿಗೆ ಅರ್ಥವಾಗಲಿಲ್ಲ. "ಮತ್ತೆ ಲಿಫ್ಟ್ ಟಿಕೆಟ್?"

"ಗಿರಾಕಿಗಳವು."

"ಕೋಚ್?"

"ಯಾರ್ದೋ ಜಾಕೆಟ್ ರೀ."

"ಮಂಡಿ?"

"ಗಟ್ಟಿ ಐತ್ರಿ."

"ಹಾಗಾದ್ರೆ ಕಾರ್ನ್? ಹತ್ತು ಗಂಟೆ, ಹನ್ನೆರಡು ಗಂಟೆ?"

"ಸ್ನೋ ಲೈನಿಗೆ ಎರಡು ಸಲ ಫೋನ್ ಮಾಡಿ ಬರಕೊಂಡೆ. ನಿಮಗ ಊಟಕ್ಕ ಗೋವಿನಜೋಳ ಸಿಗತೈತಿ ಅಂತ ತಿಳಕೊಂಡಿದ್ದೆ. ನಿಂಬಿಹಣ್ಣು, ಖಾರದಪುಡಿ ತಂದೀವ್ರಿ." ಅವರು ಚೀಲ ತೆರೆದು ತೋರಿಸಿದರು. "ನಾ ಲಾಂಡ್ರಿಯವ. ಬಟ್ಟಿ ಒಗೀತೀನಿ, ಇಸ್ತ್ರಿ ಮಾಡ್ತೀನಿ. ನನಗ ಬರೂದು ಅಷ್ಟ. ನನ್ನ ಮಗಳು ಒಂದೂ ಸುಳ್ಳು ಹೇಳಿಲ್ಲ. ಸಿಟ್ಟಿದ್ರ ನನ್ನ ಮ್ಯಾಲಿರಲಿ."

ಗಡ್ಡದವನು ಏನು ವಿಷಯ ಎಂದು ಅರ್ಸಲಾನನನ್ನು ಕೇಳಿದ. ಅರ್ಸಲಾನ್ ಇಂಗ್ಲಿಷಿನಲ್ಲಿ ಹೇಳಿದ. ಅರವತ್ತು ಜನರೂ ಸಾಹೇಬರ ಕಡೆ ತಿರುಗಿದರು. ಸಾಹೇಬರ ಮುಖ ಕಲ್ಲಿನ ಹಾಗಿತ್ತು. ನಾನು ಮಿನಿವ್ಯಾನಿನ ಬೀಗದ ಕೈ ಕಿಸೆಯಲ್ಲಿದೆಯೇ ಎಂದು ಮುಟ್ಟಿ ನೋಡಿಕೊಂಡೆ.

ಆಗ ಬಾಯಿ ತೆರೆದದ್ದು, ಬೆಳಗಿನಿಂದ ಒಂದು ಮಾತೂ ಆಡದಿದ್ದ ಬೇಗಂ.

"ಇಪ್ಪತ್ತೆರಡು ವರ್ಷ ಇವರು ನನ್ನನ್ನ ಬೆಳಿಗ್ಗೆ ಎಂಟೂವರೆಗೆ ಗಾಜಿನ ಮೇಲೆ ಇಳಿಸಿದಾರೆ. ಊಟ ಮಾಡ್ಸಿ ಅಂಬಲಿ ಒಳಗೆ ಇಳಿಸಿದಾರೆ. ಒಂದು ಕೈ ಮುರ್ಕೊಂಡಿದೀನಿ. ಎಲ್ಲಿ ಚೆನ್ನಾಗಿದೆ ಅಂತ ಫೋನ್ ಮಾಡಿ ಕೇಳಿ ಅಂದ್ರೆ, 'ನಂಗೊತ್ತಿಲ್ವಾ?' ಅಂತಾರೆ. ಒಂದು ದಿನ, ಒಂದೇ ಒಂದು ದಿನ ಕೇಳಿಲ್ಲ!" ಅವರು ಸ್ಕೀ ಕೋಲನ್ನು ಹಿಮಕ್ಕೆ ಚುಚ್ಚಿದರು. "ಈ ಮನುಷ್ಯಂಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತ ಎರಡು ಸಲ ಫೋನ್ ಮಾಡಿ, ಬರ್ಕೊಂಡು, ನಮ್ಮ ಹೊಟ್ಟೆಗೆ ಏನಾದ್ರೂ ಸಿಗ್ಲಿ ಅಂತ ನಿಂಬೆಹಣ್ಣು ಹಿಡ್ಕೊಂಡು ಬಂದಿದಾರೆ. ನಂಗೆ ಇಂಥಾ ಬೀಗರೇ ಬೇಕು. ನೀವು ಬೇಡ ಅಂದ್ರೂ ಬೇಕು."

ಸಾಹೇಬರು ಹೆಂಡತಿಯನ್ನು ನೋಡಿದರು. ಮಗನನ್ನು ನೋಡಿದರು. ರಸೀತಿಗೆ ಕೈ ಚಾಚಿ, ತೆಗೆದುಕೊಂಡು, ಕಣ್ಣಿನ ಹತ್ತಿರ ಹಿಡಿದು ಎರಡು ಸಲ ಓದಿದರು. ಆಮೇಲೆ ಗಡಿಯಾರ ನೋಡಿದರು.

"ಎರಡು ಗಂಟೆ ಹನ್ನೊಂದು ನಿಮಿಷ" ಅಂದರು ಗಂಭೀರವಾಗಿ. "ಇದರ ಪ್ರಕಾರ ಹನ್ನೊಂದು ನಿಮಿಷದ ಕಾರ್ನ್ ಆಗಲೇ ದಂಡ ಆಗಿದೆ. ವಾಹಿದ್ ಸಾಬ್, ಕೈ ಬೀಸ್ತೀರೋ ಇಲ್ವೋ?"

ವಾಹಿದ್ ಭಾಯಿ ಕೈ ಬೀಸಿದರು. ಅರವತ್ತು ಜನ ಹೋ ಎಂದು ಕೂಗಿಕೊಂಡು ಲಿಫ್ಟಿಗೆ ನುಗ್ಗಿದರು. ಷಹನಾಜ್ ಆಂಟಿ ಬೇಗಂ ಅವರನ್ನು ತಬ್ಬಿಕೊಳ್ಳಲು ಹೋಗಿ, ಸ್ಕೀಗಳ ಮೇಲೆ ಕಾಲಿಟ್ಟು, ಬೀಗಿತ್ತಿಯರಿಬ್ಬರೂ ಒಟ್ಟಿಗೆ ಬಿದ್ದರು. ಬಿದ್ದಲ್ಲೇ ಮಾತುಕತೆ ಶುರುವಾಯಿತು. ಅವರನ್ನು ಎಬ್ಬಿಸಲು ಹೋದ ನನಗೆ "ಸ್ವಲ್ಪ ನಿಂದ್ರಿ ರಾಯರ" ಎಂಬ ಉತ್ತರ ಬಂತು.

ರುಕ್ಸಾರ್ ತನ್ನ ಷರತ್ತನ್ನು ಎಲ್ಲರ ಮುಂದೆ ಹೇಳಿದಳು: ಓದು ಮುಗಿಯುವ ತನಕ ಡೆಟ್ರಾಯಿಟ್ ಬಿಡುವುದಿಲ್ಲ. "ಐ ಕ್ಯಾನ್ ಮೂವ್" ಎಂದು ಅರ್ಸಲಾನ್ ಎಷ್ಟು ಬೇಗ ಹೇಳಿದನೆಂದರೆ, ಸಾಹೇಬರು ಅದನ್ನು ಕೇಳಿಸಿಕೊಳ್ಳದ ಹಾಗೆ ನಟಿಸಬೇಕಾಯಿತು.

ಮೂರೂವರೆಗೆ ಸಾಹೇಬರು ಬಾಡಿಗೆಯ ಬೂಟು, ಸ್ಕೀ ತಂದು ವಾಹಿದ್ ಭಾಯಿಯ ಮುಂದೆ ಇಟ್ಟರು. "ಮಂಡಿ ಗಟ್ಟಿ ಇದೆ ಅಂದ್ರಲ್ಲ." ಕರೆದುಕೊಂಡು ಹೋದದ್ದು ಪಶ್ಚಿಮದ ಬದಿಯ ಕಲಿಯುವವರ ಇಳಿಜಾರಿಗೆ, ಎಂಬತ್ತು ಅಡಿ ಉದ್ದ, ಮಕ್ಕಳು ಆಡುವ ಜಾಗ. ಆದರೆ ಅದರ ತುದಿಯಲ್ಲಿ ನಿಂತ ವಾಹಿದ್ ಭಾಯಿಗೆ ಅದು ಪಾತಾಳದ ಹಾಗೆ ಕಂಡಿತು. ಅರ್ಸಲಾನ್ ಒಂದು ಕಡೆ, ರುಕ್ಸಾರ್ ಒಂದು ಕಡೆ ಹಿಡಿದಿದ್ದರು. ಕೆಳಗೆ ಗಡ್ಡದವನೂ ಅವನ ಗೆಳೆಯರೂ ಸಾಲಾಗಿ ನಿಂತು "ಕೋಚ್! ಕೋಚ್!" ಎಂದು ಚಪ್ಪಾಳೆ ತಟ್ಟುತ್ತಿದ್ದರು.

"ಬಿಡ್ತೀವಿ, ಅಬ್ಬಾ."

"ಬಿಡಬ್ಯಾಡ..."

ಬಿಟ್ಟರು. ಅವರು ಕೈಗಳನ್ನು ರೆಕ್ಕೆಯ ಹಾಗೆ ಚಾಚಿ, ಬಾಯಿ ತೆರೆದು, ಕಣ್ಣು ಮುಚ್ಚಿ ಹೊರಟರು. ಹಿಮ ಬೆಣ್ಣೆಯಾಗಿತ್ತು. ಹತ್ತು ಅಡಿ, ಇಪ್ಪತ್ತು ಅಡಿ. ಒಂದು ಸಲ ಬಲಕ್ಕೆ ವಾಲಿದರು, ಇನ್ನೊಂದು ಸಲ ಎಡಕ್ಕೆ. ಷಹನಾಜ್ ಆಂಟಿ "ಯಾ ಅಲ್ಲಾ" ಎಂದು ಮುಖ ಮುಚ್ಚಿಕೊಂಡರು. ಬೀಳಲಿಲ್ಲ. ಐವತ್ತು ಅಡಿಗೆ ಕಣ್ಣು ತೆರೆದರು. ಎಂಬತ್ತು ಅಡಿಯನ್ನೂ ಮುಗಿಸಿ, ನಿಲ್ಲಿಸುವುದು ಹೇಗೆಂದು ಗೊತ್ತಿಲ್ಲದೆ ಸಮತಟ್ಟಿನ ಮೇಲೆ ತಾವೇ ನಿಧಾನವಾಗುತ್ತ ಬಂದು, ಶಾಮ್‌ಬರ್ಗ್ ಸಾಹೇಬರ ಎದೆಗೆ ಮೆಲ್ಲಗೆ ತಾಗಿ ನಿಂತರು. ಇಬ್ಬರೂ ಬೀಳಲಿಲ್ಲ.

ಜನ ಕೇಕೆ ಹಾಕಿದರು. ಸಾಹೇಬರು ಬೀಗರನ್ನು ಬಿಗಿಯಾಗಿ ತಬ್ಬಿ ಹಿಡಿದುಕೊಂಡು, "ಸಾಕಾ?" ಎಂದು ಕೇಳಿದರು.

ವಾಹಿದ್ ಭಾಯಿ ಮೂಗಿನ ತುದಿಯ ಹಿಮ ಒರೆಸಿಕೊಂಡು, ಇಳಿಜಾರನ್ನು ಒಮ್ಮೆ ಮೇಲಿಂದ ಕೆಳಗೆ ಅಳೆದು ನೋಡಿದರು.

"ಏನ್ ಸಾಕು ಸಾಹೇಬರ? ಕಾರ್ನ್ ನಾಕು ಗಂಟೀತನ ಐತಿ! ಸರೀರಿ, ಸರೀರಿ, ಎಲ್ಲಾರೂ ಬದೀಗ್ ಸರೀರಿ, ನಾ ಮತ್ತ ಬರಾಕತ್ತೀನಿ!"